ಹೆಬ್ಬೆರಳ ಬಟನ್

ಹಲ್ಲುಜ್ಜುವಾಗ ಆ ಮಾತು ಸಲೀಸಾಗಿ ಬಂತು. ‘ತಪ್ಪು ತಮ್ಮಂದಲ್ಲ, ನಂದು.’ ಬಾಯಿ ತುಂಬ ನೊರೆಯಿದ್ದದ್ದರಿಂದ ಕನ್ನಡಿಯಲ್ಲಿದ್ದವನಿಗೂ ಅದು ಸರಿಯಾಗಿ ಕೇಳಿಸಿರಲಾರದು; ಆದರೂ ಹೇಳಿದ್ದಂತೂ ಹೌದು. ಬಾಯಿ ಮುಕ್ಕಳಿಸಿ, ಮುಖ ಒರೆಸಿಕೊಂಡು, ಇನ್ನೊಮ್ಮೆ ಹೇಳಿ ನೋಡೋಣವೆಂದರೆ ಗಂಟಲಿನಿಂದ ಕೆಮ್ಮು ಬಂತೇ ಹೊರತು ಮಾತು ಬರಲಿಲ್ಲ. ಹನ್ನೊಂದು ವಾರದಿಂದ ಇದೇ ಕತೆ. ಸ್ನಾನದ ಮನೆಯಲ್ಲಿ, ಬಸ್ಸಿನ ಕಿಟಕಿಯ ಪಕ್ಕದಲ್ಲಿ, ಅಂಗಡಿಯ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಅವನು ಧೀರ. ಎದುರಿಗೆ ಜೀವ ಇರುವ ಒಬ್ಬ ಮನುಷ್ಯ ಬಂದು ನಿಂತರೆ ಸಾಕು, ಹವೆಯ ವಿಷಯ ಮಾತಾಡುತ್ತಾನೆ. ಈವತ್ತು ಭಾನುವಾರ. ಹತ್ತು ಗಂಟೆಗೆ ಅಂಗಡಿಯ ಹಿಂದಿನ ಅಂಗಳದಲ್ಲಿ, ಮನೆ ತೋಟದಲ್ಲಿ ಬ್ಯಾಟರಿ ಗರಗಸವನ್ನು ಜೋಪಾನವಾಗಿ ಬಳಸುವುದು ಹೇಗೆಂದು ಗಿರಾಕಿಗಳಿಗೆ ತೋರಿಸಿಕೊಡಬೇಕು. ಅದೇನೂ ಹೊಸದಲ್ಲ, ಆರು ವರ್ಷದಿಂದ ಅವನ ಅನ್ನವೇ ಅದು. ಹೊಸದೆಂದರೆ, ಈವತ್ತು ಅವನ ಪಕ್ಕದಲ್ಲಿ ತಮ್ಮನೂ ನಿಲ್ಲುತ್ತಾನೆ. ನಿಂತು, ಎಡಗೈ ಎತ್ತಿ ತೋರಿಸಿ, ನಾನು ಹೀಗೆ ತಪ್ಪು ಮಾಡಿದೆ, ನೀವು ಮಾಡಬೇಡಿ ಎಂದು ಹೇಳುತ್ತಾನೆ. ಅದು ಯಜಮಾನರ ಯೋಚನೆ. ಅದಕ್ಕೆ ತಮ್ಮ ಒಪ್ಪಿದ್ದ. ಒಪ್ಪಿದ್ದಲ್ಲ, ಖುಷಿಪಟ್ಟಿದ್ದ.

“ತಿಂಡಿ ಆರ್ತಿದೆ ರೀ” ಎಂದು ಹೆಂಡತಿ ಕೂಗಿದಳು. ಬಂದು ಕೂತ. ಅಡುಗೆಮನೆಯ ಕಿಟಕಿಯಿಂದ ಹಿತ್ತಲು ಕಾಣುತ್ತದೆ, ಹಿತ್ತಲಿನಲ್ಲಿ ಹಿಪ್ಪುನೇರಳೆ ಮರ ಕಾಣುತ್ತದೆ, ಮರದಲ್ಲಿ ಅರ್ಧಕ್ಕೇ ನಿಂತುಹೋದ ಕೊಂಬೆ ಕಾಣುತ್ತದೆ. ಅದಕ್ಕೇ ಅವನು ಈಗೀಗ ಕಿಟಕಿಗೆ ಬೆನ್ನು ಮಾಡಿ ಕೂರುತ್ತಾನೆ. ಹೆಂಡತಿ ಇದನ್ನು ಗಮನಿಸಿ, ಬೆಳಕು ಕಣ್ಣಿಗೆ ಹೊಡೆಯುತ್ತದೇನೋ ಎಂದು ಪರದೆ ಹಾಕಿಸಿದ್ದಾಳೆ. ಒಳ್ಳೆಯವರ ಜೊತೆ ಬದುಕುವುದು ಇಷ್ಟು ಕಷ್ಟವೆಂದು ಅವನಿಗೆ ಮೊದಲು ಗೊತ್ತಿರಲಿಲ್ಲ. ಆ ಕೊಂಬೆಯ ಹಣ್ಣು ಉದುರಿ, ತಂತಿಯ ಮೇಲೆ ಒಣಗಲು ಹಾಕಿದ ಬಟ್ಟೆಗೆಲ್ಲ ಕಲೆಯಾಗುತ್ತದೆಂದು ದೂರಿದವಳು ಅವಳೇ. “ನಾನು ಹೊಲಿದ ಶರ್ಟಿಗೇ ಕಲೆ ಮಾಡುತ್ತಾ ಈ ಮರ? ಈ ಭಾನುವಾರ ಅದರ ಕೈ ಕತ್ತರಿಸೇಬಿಡೋಣ ಅತ್ತಿಗೆ” ಎಂದವನು ತಮ್ಮ. ಅವನು ದರ್ಜಿ. ಪೇಟೆಯ ಒಂದು ದೊಡ್ಡ ಹೊಲಿಗೆ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್. ಬಲಗೈಯಲ್ಲಿ ಕತ್ತರಿ ಆಡುತ್ತಿದ್ದರೆ ಎಡಗೈ ಬಟ್ಟೆಯನ್ನು ಸವರುತ್ತ, ಎಳೆ ಎಲ್ಲಿ ಓರೆಯಾಗಿದೆ ಎಂದು ಕಣ್ಣಿಗಿಂತ ಮೊದಲೇ ಹೇಳುತ್ತಿತ್ತು. ಆ ಎಡಗೈಯಲ್ಲಿ ಈಗ ತೋರುಬೆರಳು ಅರ್ಧ ಇದೆ, ನಡುಬೆರಳಿನ ಬುಡ ಮಾತ್ರ ಇದೆ. ಹೊಲಿಗೆ ಅಂಗಡಿಯವರು ಎರಡು ತಿಂಗಳು ಕಾದರು, ಪಾಪ. ಆಮೇಲೆ ಬೇರೆಯವನನ್ನು ಇಟ್ಟುಕೊಂಡರು.

ಗರಗಸವನ್ನು ಚೀಲದಲ್ಲಿ ಹಾಕಿಕೊಂಡು ಹೊರಟ. ಅದೇ ಗರಗಸ. ಗಿರಾಕಿಗಳು ಆ ದಿನದ್ದನ್ನೇ ಕಣ್ಣಾರೆ ನೋಡಿದರೆ ಮನಸ್ಸಿಗೆ ನಾಟುತ್ತದೆ ಎಂದು ಯಜಮಾನರು ಹೇಳಿದ್ದರು. ಅವರಿಗೂ ಅವರದೇ ಚಿಂತೆ: ಅಂಗಡಿಯ ಜಾಗ್ರತೆ ಮೇಷ್ಟ್ರ ಮನೆಯಲ್ಲೇ ಬೆರಳು ಹೋಯಿತಂತೆ ಎಂದು ಸುದ್ದಿ ಹಬ್ಬಿ, ಆ ಮಾಲನ್ನು ಜನ ಮುಟ್ಟುತ್ತಿರಲಿಲ್ಲ. ಜಾಗ್ರತೆ ಮೇಷ್ಟ್ರು ಅಂದರೆ ಇವನೇ. ಪ್ರತಿ ಮಾತಿಗೆ ಮೊದಲು ‘ಜಾಗ್ರತೆ’ ಅನ್ನುತ್ತಿದ್ದನೆಂದು ಯಾರೋ ಇಟ್ಟ ಹೆಸರು, ಅಂಟಿಕೊಂಡುಬಿಟ್ಟಿತು. ಅವನಿಗೆ ಆ ಹೆಸರು ಒಳಗೊಳಗೇ ಇಷ್ಟವೂ ಇತ್ತು. ದಿನಕ್ಕೆ ನಲವತ್ತು ಐವತ್ತು ಸಲ ಅವನು ಗರಗಸ ಎತ್ತಿ ತೋರಿಸುತ್ತಿದ್ದ: ನೋಡಿ ಸಾರ್, ಹಿಂದಿನ ಹಿಡಿಕೆಯ ತಳದಲ್ಲಿ ಇದು ಸ್ವಿಚ್ಚು, ಮೇಲ್ಗಡೆ ಹೆಬ್ಬೆರಳಿಗೆ ಸಿಗೋ ಇದು ಲಾಕ್ ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರೇನೇ ಚೈನು ತಿರುಗುತ್ತೆ. ಸ್ವಿಚ್ಚು ಅಕಸ್ಮಾತ್ ಒತ್ತಿಹೋದರೂ ಏನೂ ಆಗಲ್ಲ, ಈ ಬಟನ್ನೇ ನಿಮ್ಮನ್ನ ಕಾಯೋದು. ಹೀಗೆ ಹೇಳಿ ಹೇಳಿ, ಒತ್ತಿ ಒತ್ತಿ, ಆರನೆಯ ವರ್ಷಕ್ಕೆ ಅವನ ಹೆಬ್ಬೆರಳಿನ ಬುಡ ಊದಿಕೊಂಡಿತು. ವೈದ್ಯರು ಹೆಬ್ಬೆರಳಿಗೆ ವಿಶ್ರಾಂತಿ ಕೊಡಿ ಅಂದರು. ಅಂಗಡಿಯಲ್ಲಿ ಹೇಗೆ ಕೊಡುವುದು? ಅದಕ್ಕೇ ಮನೆಯ ಗರಗಸದಲ್ಲಿ ಕೊಟ್ಟ. ಕರೀ ಇನ್ಸುಲೇಶನ್ ಟೇಪನ್ನು ಲಾಕ್ ಬಟನ್ ಮೇಲೆ ಬಿಗಿಯಾಗಿ ನಾಲ್ಕು ಸುತ್ತು ಸುತ್ತಿ, ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡಿಟ್ಟ. ಜಗತ್ತಿಗೆಲ್ಲ ಆ ಬಟನ್ನಿನ ಮಹಿಮೆ ಸಾರಿದ ಮನುಷ್ಯ ತನ್ನ ಮನೆಯಲ್ಲಿ ಅದರ ಬಾಯಿ ಕಟ್ಟಿದ. ನನಗೆ ಗೊತ್ತಲ್ಲ, ನಾನು ಹುಷಾರಾಗಿರ್ತೀನಲ್ಲ ಅಂದುಕೊಂಡ. ಬಳಸುವವನು ತಾನೊಬ್ಬನೇ ಎಂದು ಅವನ ಲೆಕ್ಕ.

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಎದುರಿನ ಸೀಟಿನಲ್ಲಿ ಒಬ್ಬ ಹೆಂಗಸು ಕೈಗೂಸಿಗೆ ತೊಡಿಸಿದ್ದ ಉಣ್ಣೆಯ ಕೈಗವಸು ಪದೇಪದೇ ಜಾರುತ್ತಿತ್ತು, ಅವಳು ಪದೇಪದೇ ಏರಿಸುತ್ತಿದ್ದಳು. ಅವತ್ತು ತಮ್ಮ ಗ್ಲೌಸು ತೆಗೆದುಬಿಟ್ಟಿದ್ದ. ಇದು ಹಾಕ್ಕೊಂಡ್ರೆ ಕೈಗೆ ಏನೂ ತಿಳಿಯಲ್ಲ ಕಣಣ್ಣಾ ಎಂದು ಎರಡನ್ನೂ ಕಾಂಪೌಂಡಿನ ಮೇಲಿಟ್ಟಿದ್ದ. ಆಗ ಇವನು ಮರದ ಆಚೆ ಬದಿಯಲ್ಲಿ ಕೊಂಬೆಗೆ ಕಟ್ಟಿದ ಹಗ್ಗ ಹಿಡಿದು ನಿಂತಿದ್ದ. ಹೆಬ್ಬೆರಳು ನೋಯುತ್ತಿತ್ತು. ನೀನು ಹಗ್ಗ ಹಿಡಿ, ನಾನು ಕುಯ್ತೀನಿ ಎಂದು ತಮ್ಮನೇ ಗರಗಸ ಇಸಿದುಕೊಂಡಿದ್ದ. ಕತ್ತರಿಸುವುದು ಅವನಿಗೆ ಹೇಳಿಕೊಡಬೇಕಾದ ವಿದ್ಯೆಯೇ ಅಲ್ಲ ಎಂಬಂತೆ ಇಬ್ಬರೂ ನಕ್ಕಿದ್ದರು. ಅರ್ಧ ಕುಯ್ದಾಗ ಕೊಂಬೆ ಬಾಗಿ, ಸೀಳು ಬಾಯಿ ಮುಚ್ಚಿಕೊಂಡು ಗರಗಸ ಒಳಗೇ ಸಿಕ್ಕಿಹಾಕಿಕೊಂಡಿತು. ಇಂಥ ಹೊತ್ತಿನಲ್ಲಿ ಮೊದಲು ಬ್ಯಾಟರಿ ಕಳಚಬೇಕು, ಆಮೇಲೆ ಸೀಳಿಗೆ ಮರದ ಬೆಣೆ ಹೊಡೆದು ಬಿಡಿಸಬೇಕು, ಕೈ ಚೈನಿನ ಹತ್ತಿರ ಹೋಗಲೇಬಾರದು. ಇದನ್ನು ಅವನು ನಿದ್ದೆಯಲ್ಲೂ ಹೇಳಬಲ್ಲ. ಆದರೆ ಆಗ ಹೇಳಿದನೇ? ತಮ್ಮ ಬಗ್ಗಿ ಎಡಗೈಯನ್ನು ಚೈನು ಸುತ್ತುವ ಪಟ್ಟಿಯ ಮೇಲಿಟ್ಟದ್ದನ್ನು ಅವನು ನೋಡಿದ. ಬ್ಯಾಟರಿ ತೆಗಿ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದು ನೆನಪಿದೆ. ವಾರವಿಡೀ ಹೇಳಿದ್ದನ್ನೇ ರಜೆಯ ದಿನವೂ ಹೇಳಬೇಕಲ್ಲ ಎಂಬ ಸಣ್ಣ ಬೇಸರವೂ ನೆನಪಿದೆ. ಆಮೇಲಿನದ್ದು ಒಮ್ಮೊಮ್ಮೆ ಹೇಳಿದೆ ಅನ್ನಿಸುತ್ತದೆ, ಒಮ್ಮೊಮ್ಮೆ ಇಲ್ಲ ಅನ್ನಿಸುತ್ತದೆ. ಚೈನು ತಿರುಗಿದ್ದು ಅರ್ಧ ಸೆಕೆಂಡೂ ಇರಲಾರದು.

ಇಷ್ಟೇ ಆಗಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದನೇನೋ. ಮನುಷ್ಯ ತಪ್ಪು ಮಾಡುತ್ತಾನೆ, ಅಳುತ್ತಾನೆ, ಕಾಲು ಹಿಡಿಯುತ್ತಾನೆ. ಆದರೆ ಹಗ್ಗ ಬಿಟ್ಟು ಓಡಿದವನು ಮೊದಲು ಓಡಿದ್ದು ತಮ್ಮನ ಹತ್ತಿರಕ್ಕಲ್ಲ. ತಮ್ಮ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಕೂಗದೆ, ಬರೀ ಉಸಿರು ಬಿಡುತ್ತ ನೆಲದ ಮೇಲೆ ಕೂತಿದ್ದ. ಇವನು ಅವನನ್ನು ದಾಟಿ ಹೋಗಿ ಗರಗಸದ ಮೇಲೆ ಬಗ್ಗಿದ. ಬಗ್ಗಿ, ಉಗುರಿನಿಂದ ಟೇಪಿನ ತುದಿ ಹುಡುಕಿದ. ತುದಿ ಸಿಗಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದ. ನಾಲ್ಕು ಸುತ್ತು ಬಿಚ್ಚಿ, ಉಂಡೆ ಮಾಡಿ ಜೇಬಿಗೆ ತುರುಕಿದ. ಆಮೇಲೆ ತಮ್ಮನ ಕಡೆ ತಿರುಗಿದ. ಎಷ್ಟು ಹೊತ್ತು ಹಿಡಿಯಿತು? ಹತ್ತು ಸೆಕೆಂಡು? ಹದಿನೈದು? ಟವೆಲ್ಲು ಹಿಡಿದು ಓಡಿಬಂದ ಹೆಂಡತಿ ಅವನನ್ನು ಗರಗಸದ ಮೇಲೆ ಬಗ್ಗಿದ್ದ ಭಂಗಿಯಲ್ಲೇ ಕಂಡಳು. ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಕೂತು ಅವಳು ತಮ್ಮನ ಹೆಂಡತಿಗೆ ಹೇಳಿದ್ದಳು: “ನಮಗೆಲ್ಲ ಕೈಕಾಲೇ ಆಡ್ಲಿಲ್ಲ. ಇವರು ಮಾತ್ರ ಅಂಥಾ ಹೊತ್ನಲ್ಲೂ ಮೊದಲು ಬ್ಯಾಟರಿ ತೆಗೆದ್ರು ನೋಡು.” ತಮ್ಮನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು, “ಭಾವ, ನೀವಿದ್ರಲ್ಲ ಜೊತೇಲಿ, ಅದೊಂದೇ ಸಮಾಧಾನ” ಅಂದಿದ್ದಳು. ಅವನು ಆಗ ತಲೆಯಾಡಿಸಿದ್ದ. ಆ ತಲೆಯಾಡಿಸಿದ್ದನ್ನು ನೆನೆಸಿಕೊಂಡು ಅವನು ಬಸ್ಸಿನ ಸರಳಿಗೆ ಹಣೆ ಒತ್ತಿದ. ನಿಲ್ದಾಣ ಒಂದು ದಾಟಿಹೋಗಿತ್ತು. ಇಳಿದು ಹಿಂದಕ್ಕೆ ನಡೆಯಬೇಕಾಯಿತು.

ತಮ್ಮ ಆಗಲೇ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಎಣ್ಣೆ ಹಚ್ಚಿ ಬಾಚಿದ ಕೂದಲು. ಹೆಣ್ಣು ನೋಡಲು ಹೊರಟವನ ಹಾಗೆ ಕಂಡ. ಅಂಗಳದಲ್ಲಿ ಸಾಲಾಗಿ ಹಾಕಿದ ಕುರ್ಚಿಗಳನ್ನು ತಾನೇ ನೆಟ್ಟಗೆ ಮಾಡುತ್ತಿದ್ದ. “ಅಣ್ಣಾ, ಏನ್ ಹೇಳ್ಬೇಕು ಅಂತ ಬರ್ಕೊಂಡು ಬಂದಿದ್ದೀನಿ. ಉದ್ದ ಆಯ್ತಾ ನೋಡು” ಎಂದು ಚೀಟಿ ಕೊಟ್ಟ. ಅಳತೆ ಬರೆದುಕೊಳ್ಳುತ್ತಿದ್ದ ಚೀಟಿಯ ಹಿಂಬದಿ. ಅಕ್ಷರ ಮಾತ್ರ ಮುತ್ತಿನ ಹಾಗಿತ್ತು. ಅವನು ಓದಿದಂತೆ ಮಾಡಿ, ಚೆನ್ನಾಗಿದೆ ಅಂದ. ಈಗ ಹೇಳಬೇಕು ಎಂದುಕೊಂಡ. ಇಬ್ಬರೇ ಇದ್ದೇವೆ, ಕುರ್ಚಿಗಳೆಲ್ಲ ಖಾಲಿ, ಈಗ ಹೇಳಿದರೆ ಮುಗಿಯಿತು. “ಈವತ್ತು ಬಿಸಿಲು ಜೋರಿದೆ” ಎಂದ. ತಮ್ಮ ಮೇಲೆ ನೋಡಿ, “ಹೌದಲ್ವಾ” ಅಂದ. ಅಷ್ಟರಲ್ಲಿ ಯಜಮಾನರು ಬಂದು ತಮ್ಮನ ಬೆನ್ನು ತಟ್ಟಿ, ಏನ್ ಸ್ವಾಮೀ, ನಾಚಿಕೆಪಡದೆ ಮಾತಾಡ್ತೀರಾ ತಾನೇ, ನಮ್ಮ ಮೇಷ್ಟ್ರ ತಮ್ಮ ಅಂದ್ಮೇಲೆ ಮಾತು ರಕ್ತದಲ್ಲೇ ಇರುತ್ತೆ ಬಿಡಿ ಎಂದು ದೊಡ್ಡದಾಗಿ ನಕ್ಕರು.

ಇಪ್ಪತ್ತೆರಡು ಜನ ಬಂದಿದ್ದರು. ಮನೆ ಹಿಂದೆ ಎರಡು ಮರ ಇಟ್ಟುಕೊಂಡವರು, ಬೇಲಿ ಬೆಳೆದು ಪಕ್ಕದ ಮನೆಯವರ ಹತ್ತಿರ ಮಾತು ಕೇಳಿದವರು, ಸುಮ್ಮನೆ ಹೊತ್ತು ಹೋಗದವರು. ಅವನು ಶುರು ಮಾಡಿದ. ಬಾಯಿ ತನ್ನ ಪಾಡಿಗೆ ತಾನು ನಡೆಯಿತು: ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು, ಕಾಲಿಗೆ ಗಟ್ಟಿ ಬೂಟು. ಯಾವಾಗಲೂ ಎರಡು ಕೈ. ಭುಜಕ್ಕಿಂತ ಮೇಲೆ ಎತ್ತಬೇಡಿ, ಏಣಿ ಹತ್ತಿ ಕುಯ್ಯಬೇಡಿ. ಪಟ್ಟಿಯ ತುದಿ ಮರಕ್ಕೆ ತಾಗಿದರೆ ಗರಗಸ ನಿಮ್ಮ ಕಡೆಗೇ ಒದೆಯುತ್ತೆ, ಅದಕ್ಕೇ ಮುಂದೆ ಈ ಬ್ರೇಕು. ಸಿಕ್ಕಿಹಾಕಿಕೊಂಡರೆ ಮೊದಲು ಬ್ಯಾಟರಿ ಹೊರಗೆ. ಜನ ತಲೆದೂಗುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ನರ್ಸಮ್ಮ ಪುಟ್ಟ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ತನ್ನ ದನಿ ಇಷ್ಟು ನಂಬಿಕೆ ಹುಟ್ಟಿಸುವಂತಿದೆಯಲ್ಲ ಎಂದು ಅವನಿಗೆ ಹೇಸಿಗೆಯಾಯಿತು. ಲಾಕ್ ಬಟನ್ ತೋರಿಸುವಾಗ ಬೆರಳು ಅಂಟಿತು. ಟೇಪಿನ ಗೋಂದು; ಸೀಮೆಎಣ್ಣೆ ಹಾಕಿ ಎಷ್ಟು ಉಜ್ಜಿದರೂ ಪೂರ್ತಿ ಹೋಗಿರಲಿಲ್ಲ.

ಆಮೇಲೆ ತಮ್ಮ ಎದ್ದು ನಿಂತ. ಮೊದಲು ತಡವರಿಸಿದ, ನಂತರ ಚೀಟಿ ಮಡಿಸಿ ಜೇಬಿಗಿಟ್ಟು, ಗಿರಾಕಿಗೆ ಕಾಲರಿನ ಬಗ್ಗೆ ವಿವರಿಸುವ ಹಾಗೆ ಮಾತಾಡತೊಡಗಿದ. “ನಾನು ಟೈಲರು. ಕತ್ತರಿ ಹಿಡಿದು ಇಪ್ಪತ್ತು ವರ್ಷ. ನಂಗೇನ್ ಹೇಳೋದು ಅನ್ನೋ ಕೊಬ್ಬು. ಗ್ಲೌಸು ತೆಗೆದಿಟ್ಟೆ. ಗರಗಸ ಸಿಕ್ಕಾಕೊಂಡಾಗ ಬ್ಯಾಟರಿ ತೆಗಿ ಅಂತ ಅಣ್ಣ ಆ ಕಡೆಯಿಂದ ಹೇಳ್ದ. ನಾನು ಕಿವಿಗೆ ಹಾಕ್ಕೊಳ್ಳಿಲ್ಲ. ಅಣ್ಣ ಹೇಳೋದ್ರಲ್ಲಿ ಕಡಿಮೆ ಮಾಡಿಲ್ಲ, ನಾನು ಕೇಳೋದ್ರಲ್ಲಿ ಕಡಿಮೆ ಮಾಡ್ದೆ.” ಎಡಗೈ ಎತ್ತಿದ. ಹಿಂದಿನ ಸಾಲಿನಲ್ಲಿ ಯಾರೋ ಚ್ಚು ಚ್ಚು ಅಂದರು. ಅಣ್ಣನಿಗೆ ಎದೆ ಹಗುರವಾಯಿತು. ಹೇಳಿದ್ದೆ ಹಾಗಾದರೆ! ತಮ್ಮನಿಗೇ ಕೇಳಿಸಿದೆಯಲ್ಲ! ಆ ಸಂತೋಷ ಎಷ್ಟು ನೀಚವಾದದ್ದೆಂದು ತಿಳಿಯುವ ಮೊದಲೇ ಅದು ಮೈಯೆಲ್ಲ ಹರಡಿಬಿಟ್ಟಿತ್ತು. ಯಜಮಾನರು ಚಪ್ಪಾಳೆಗೆ ಕೈ ಎತ್ತಿದರು. ಅಷ್ಟರಲ್ಲಿ ನರ್ಸಮ್ಮ ಪೆನ್ನು ಎತ್ತಿದರು.

“ಒಂದು ನಿಮಿಷ. ಎರಡೂ ಒತ್ತಿದ್ರೇನೇ ತಿರುಗೋದು ಅಂದ್ರಿ. ನಿಮ್ಮ ಎಡಗೈ ಚೈನ್ ಮೇಲಿತ್ತು, ಸರಿ. ಬಲಗೈ ಹೇಗಿತ್ತು? ಸ್ವಲ್ಪ ತೋರಿಸಿಪ್ಪಾ, ನಂದು ವಯಸ್ಸಾದ ಕೈ, ನಾನು ಅದೇ ತಪ್ಪು ಮಾಡ್ಬಾರ್ದು.”

ಅವನೇ ಬ್ಯಾಟರಿ ಕಳಚಿ, ಗರಗಸವನ್ನು ತಮ್ಮನ ಕೈಗೆ ಕೊಟ್ಟ. ಕೊಡದೆ ಇರಲು ಯಾವ ನೆಪವೂ ಹೊಳೆಯಲಿಲ್ಲ. ಹನ್ನೊಂದು ವಾರದ ಮೇಲೆ ತಮ್ಮ ಅದನ್ನು ಮುಟ್ಟುತ್ತಿದ್ದ. ಮೇಜಿನ ಅಂಚಿಗೆ ಪಟ್ಟಿಯನ್ನು ಆನಿಸಿ, ಬಗ್ಗಿ, ಅವತ್ತಿನ ಹಾಗೆಯೇ ಹಿಡಿದ. ಕುಯ್ಯುವವನ ಹಾಗಲ್ಲ, ಸಿಕ್ಕಿಬಿದ್ದದ್ದನ್ನು ಮೇಲೆತ್ತುವವನ ಹಾಗೆ: ಅಂಗೈಯನ್ನು ಹಿಡಿಕೆಯ ತಳಕ್ಕೆ ಕೊಟ್ಟು. ಸ್ವಿಚ್ಚು ಅಂಗೈಗೆ ಒತ್ತಿತು. ಹೆಬ್ಬೆರಳು ಕೆಳಗೇ, ಪಕ್ಕದಲ್ಲಿ, ಬಟನ್ನಿನಿಂದ ಎರಡಂಗುಲ ದೂರದಲ್ಲಿತ್ತು. ತಮ್ಮ ಎತ್ತಿ ಒತ್ತಿದ. ಸ್ವಿಚ್ಚು ಅಲ್ಲಾಡಲಿಲ್ಲ. ತನ್ನ ಕೈಯನ್ನೇ ನೋಡಿದ. ಅವನ ಕೈ ಒಮ್ಮೆ ಹಿಡಿದ ಹಿಡಿತವನ್ನು ಮರೆಯುವಂಥದ್ದಲ್ಲ. ಮತ್ತೆ ಒತ್ತಿದ. ಕಲ್ಲಿನ ಹಾಗಿತ್ತು. ಅಂಗಳದಲ್ಲಿ ಯಾರದೋ ಕುರ್ಚಿ ಕಿರುಗುಟ್ಟಿತು. ತಮ್ಮ ತಲೆಯೆತ್ತಿ ಅಣ್ಣನ ಮುಖ ನೋಡಿದ, ಕೋಪವೇನೂ ಇಲ್ಲದೆ, ಅಳತೆ ತಪ್ಪಿದ್ದು ಎಲ್ಲಿ ಎಂದು ಹುಡುಕುವ ಹಾಗೆ. ನೋಡುತ್ತಲೇ ಇನ್ನೊಂದು ಸಲ, ನಿಧಾನವಾಗಿ, ಬಹಳ ನಿಧಾನವಾಗಿ ಒತ್ತಿದ.

ಆ ಹೊತ್ತು ಎಷ್ಟು ದೊಡ್ಡದಾಗಿತ್ತೆಂದರೆ, ಅದರೊಳಗೆ ಅವನು ಬೇಕಾದಷ್ಟು ಸಲ ಮಾತಾಡಬಹುದಿತ್ತು. ಬೆಳಿಗ್ಗೆ ಕನ್ನಡಿಯ ಮುಂದೆ ಹೇಳಿದ್ದು ಪೂರ್ತಿಯಾಗಿ, ಸ್ಪಷ್ಟವಾಗಿ ಬಾಯಲ್ಲಿತ್ತು. ಇಪ್ಪತ್ತೆರಡು ಮುಖಗಳು, ಯಜಮಾನರ ಅರ್ಧಕ್ಕೆ ನಿಂತ ಕೈ, ನರ್ಸಮ್ಮನ ಪೆನ್ನು. ಅವನು ತುಟಿ ತೆರೆದ. ತೆರೆದು, ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು, ಮುಚ್ಚಿದ.

“ಹೀಗಲ್ಲ, ಹೀಗೆ” ಎಂದ ತಮ್ಮ. ಹಿಡಿತ ಬದಲಿಸಿ ಹೆಬ್ಬೆರಳನ್ನು ಮೇಲಕ್ಕೆ ತಂದು ಬಟನ್ನಿನ ಮೇಲಿಟ್ಟ. “ಹೀಗೆ ಹಿಡಿದಿದ್ದೆ ಅಮ್ಮಾ. ಗಾಬರೀಲಿ ಎರಡೂ ಒತ್ತಿಹೋಯ್ತು. ನನ್ನದೇ ತಪ್ಪು.” ನರ್ಸಮ್ಮ ಬರೆದುಕೊಂಡರು. ಚಪ್ಪಾಳೆ ಬಿತ್ತು. ಅಂಗಡಿಯವರು ಹಂಚಿದ ತಂಪು ಪಾನೀಯ ಕುಡಿಯುತ್ತ ಜನ ತಮ್ಮನ ಸುತ್ತ ನೆರೆದರು, ಒಬ್ಬರು ಅವನ ಎಡಗೈಯನ್ನು ಹಿಡಿದು ತಿರುಗಿಸಿ ನೋಡಿದರು. ಅಣ್ಣ ಮೇಜಿನ ಹತ್ತಿರವೇ ನಿಂತು, ಯಾರೂ ಕೇಳದಿದ್ದರೂ, ಚೈನಿನ ಬಿಗಿ ಸರಿಮಾಡುತ್ತಿದ್ದ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ನೆರಳು ಅರ್ಧ ಬೆಂಚಿಗೆ ಮಾತ್ರ ಇತ್ತು. ತಮ್ಮ ಬಿಸಿಲಿನ ಕಡೆ ಕೂತ. ಒಂದು ಬಸ್ಸು ಬಂತು, ಅವರದಲ್ಲ. ಅದು ಹೋದ ಮೇಲೆ ಅವನು ಹೇಳಿದ. ಟೇಪಿನಿಂದ ಶುರು ಮಾಡಿ, ಹೆಬ್ಬೆರಳಿನ ನೋವು, ನಾಲ್ಕು ಸುತ್ತು, ಹಲ್ಲಿನಿಂದ ಕಚ್ಚಿದ್ದು, ಜೇಬು, ಎಲ್ಲವನ್ನೂ. ಹೇಳುವಾಗ ದನಿ ಸ್ವಲ್ಪವೂ ನಡುಗಲಿಲ್ಲವೆಂಬುದು ಅವನಿಗೇ ಅಸಹ್ಯವಾಗಿ ಕಂಡಿತು. ತಮ್ಮ ಎದುರಿನ ಗೋಡೆ ನೋಡುತ್ತ ಕೇಳಿದ.

“ಅಲ್ಲೇ ಗೊತ್ತಾಯ್ತು. ಟೇಪು ಗೀಪು ಅಂತ ಗೊತ್ತಾಗ್ಲಿಲ್ಲ. ನೀನು ಏನೋ ಮಾಡಿದ್ದೀಯ ಅಂತ ಗೊತ್ತಾಯ್ತು. ಮೊದಲನೇ ಸಲ ಒತ್ತಿದಾಗ್ಲೇ.”

“ಮತ್ತೆ... ಇನ್ನೂ ಯಾಕೆ ಒತ್ತಿದೆ?”

“ನೀನು ಹೇಳ್ತೀಯೇನೋ ಅಂತ. ಹೊತ್ತು ಕೊಟ್ಟೆ.”

ಅವನಿಗೆ ಅಳು ಬಂದಿದ್ದರೆ ಚೆನ್ನಾಗಿತ್ತು. ತಮ್ಮ ಎದ್ದು ಕಪಾಳಕ್ಕೆ ಬಾರಿಸಿದ್ದರೂ ಚೆನ್ನಾಗಿತ್ತು. “ಈಗ್ಲೇ ಹೋಗಿ ಯಜಮಾನ್ರಿಗೆ ಹೇಳ್ತೀನಿ. ನಡಿ” ಎಂದು ಎದ್ದ.

“ಕೂತ್ಕೋ” ಎಂದ ತಮ್ಮ. “ಪ್ರತಿ ಭಾನುವಾರ ಬನ್ನಿ ಅಂದಿದ್ದಾರೆ ಅವರು. ಮಿಕ್ಕ ದಿನ ಗೋದಾಮಲ್ಲಿ ಸಾಮಾನು ಎತ್ತಿಡೋ ಕೆಲಸ. ಬೆಳಿಗ್ಗೆ ಹೇಳಿದ್ರೆ ಆಗ್ತಿತ್ತು ಕಣಣ್ಣಾ, ಆ ಕುರ್ಚಿ ಎಲ್ಲಾ ಖಾಲಿ ಇದ್ದಾಗ. ಈಗ ಹೇಳಿದ್ರೆ ನಿನ್ನ ಕೆಲಸಾನೂ ಹೋಗುತ್ತೆ, ನಂದೂ ಹೋಗುತ್ತೆ. ಈ ಕೈಗೆ ಇನ್ನೆಲ್ಲಿ ಸಿಗುತ್ತೆ? ಹೇಳ್ಬೇಡ. ನಮ್ಮನೆಯವಳ ಹತ್ರಾನೂ ಹೇಳ್ಬೇಡ, ಅತ್ತಿಗೆ ಹತ್ರಾನೂ ಹೇಳ್ಬೇಡ. ನಾನು ಬರ್ತೀನಿ, ಇದನ್ನೇ ಹೇಳ್ತೀನಿ. ನೀನು ಪಕ್ಕದಲ್ಲಿ ನಿಂತ್ಕೋ, ಅಷ್ಟೇ.”

ಅವನು ಕೂತ. ಬಿಸಿಲು ಬೆಂಚನ್ನು ಇನ್ನಷ್ಟು ತಿಂದಿತ್ತು. ತಮ್ಮ ಜೇಬಿನಿಂದ ಚೀಟಿ ತೆಗೆದು, ತೊಡೆಯ ಮೇಲಿಟ್ಟು, ಉಳಿದ ಬೆರಳುಗಳಿಂದ ಅದರ ಮಡಿಕೆ ಸವರಿ ಸಪಾಟು ಮಾಡಿದ.

“ಬ್ಯಾಟರಿ ತೆಗಿ ಅಂತ ಅಣ್ಣ ಹೇಳ್ದ ಅಂದೆನಲ್ಲ ನಾನು” ಎಂದು ಕೇಳಿದ, ಗಿರಾಕಿಯನ್ನು ಗುಂಡಿ ಎಲ್ಲಿರಲಿ ಎಂದು ಕೇಳುವ ದನಿಯಲ್ಲಿ. “ನೀನು ಹೇಳಿರ್ಲಿಲ್ಲ. ನಿಂಗೆ ಮರ್ಯಾದೆ ಇರುತ್ತೆ ಅಂತ ಸೇರಿಸಿದ್ದೆ. ಮುಂದಿನ ವಾರಾನೂ ಆ ಮಾತು ಇರ್ಲಾ? ಬೇಡ್ವಾ?”

ಬಸ್ಸು ತಿರುವಿನಲ್ಲಿ ಕಾಣಿಸಿತು. ಅದು ಬಂದು ನಿಂತು, ಬಾಗಿಲು ತೆರೆದು, ತಮ್ಮ ಬಲಗೈಯಿಂದ ಸರಳು ಹಿಡಿದು ಮೆಟ್ಟಿಲ ಮೇಲೆ ಕಾಲಿಡುವವರೆಗೂ ಅವನಿಗೆ ಸಮಯವಿತ್ತು.

“ಇರ್ಲಿ” ಎಂದ.